ಅವ್ವನ ಎಡಗೈ ಮತ್ತು ದವಾಖಾನೆಯ ಹನಿಗಳು

ನಮ್ಮವ್ವನ ಎಡಗೈ ಕೆಲಸ ಮಾಡುವಾಗ ನಡುಗುತ್ತಿರಲಿಲ್ಲ, ಸುಮ್ಮನಿದ್ದಾಗ ನಡುಗುತ್ತಿತ್ತು. ಇದನ್ನು ಆಗ ಯಾರೂ ನಂಬಲಿಲ್ಲ. ಅವರೆಲ್ಲ ಮಣ್ಣಾಗಿ ಎಷ್ಟೋ ವರ್ಷಗಳಾದರೂ ಅವರ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಮಸ್ಕಿಯ ನಮ್ಮ ಮನೆಯಲ್ಲಿ ಹೊತ್ತು ಏರುವುದರೊಳಗೆ ಇಪ್ಪತ್ತು ಜೋಳದ ರೊಟ್ಟಿ ಆಗಬೇಕಿತ್ತು. ಅವ್ವ ಎರಡೂ ಕೈಯಿಂದ ಬಡಿದಳೆಂದರೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತಿತ್ತು. ಅಂಚು ಎಲ್ಲೂ ಬಿರಿಯುತ್ತಿರಲಿಲ್ಲ. ಕೊನೆಯ ರೊಟ್ಟಿ ಬೇಯಿಸಿ, ಕೈ ತೊಳೆದು, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಳೋ ಇಲ್ಲವೋ, ಎಡಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ತಿಕ್ಕತೊಡಗುತ್ತಿತ್ತು. ದೀಪಕ್ಕೆ ಬತ್ತಿ ಹೊಸೆಯುತ್ತಾರಲ್ಲ, ಹಾಗೆ. ಆಮೇಲೆ ಇಡೀ ಕೈ ಕುಣಿಯುತ್ತಿತ್ತು.

ಅಪ್ಪ ಗಾಣ ಆಡಿಸುತ್ತಿದ್ದ, ಕುಸುಬೆ ಎಣ್ಣೆ ತೆಗೆಯುವವ. ಮೈಯಷ್ಟೇ ಅಲ್ಲ, ಮಾತೂ ಒರಟು. "ರೊಟ್ಟಿ ಬಡಿಯೂವಾಗ ಎಲ್ಲಿ ಹೋಗಿತ್ತ ಈ ನಡುಕ? ಕುಂತಾಗಷ್ಟ ಬರ್ತೈತೇನು? ಭಾಳ ಶ್ಯಾಣ್ಯಾ ಐತಿ ಬಿಡು ನಿನ್ನ ರೋಗ" ಅನ್ನುತ್ತಿದ್ದ. ಅವ್ವ ನಕ್ಕು ಆ ಕೈಯನ್ನು ತೊಡೆಯ ಕೆಳಗೆ ಅಡಗಿಸಿಕೊಳ್ಳುತ್ತಿದ್ದಳು.

ಮನೆಗೆಲಸವಷ್ಟೇ ಆಗಿದ್ದರೆ ಅಡಗಿಸಿಕೊಂಡೇ ದಿನ ತಳ್ಳುತ್ತಿದ್ದಳೇನೋ. ಪೂಜೆಯ ಹೊತ್ತಿನಲ್ಲಿ ಅಡಗಿಸುವುದು ಹೇಗೆ? ನಾವು ಹೆಣ್ಣಾಗಲಿ ಗಂಡಾಗಲಿ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ದಿನಾ ಮೈ ತೊಳೆದ ಮೇಲೆ ಅದನ್ನು ಕರಡಿಗೆಯಿಂದ ಹೊರತೆಗೆದು ಎಡ ಅಂಗೈಯ ಮೇಲಿಟ್ಟುಕೊಂಡು, ವಿಭೂತಿ ಹಚ್ಚಿ, ಒಂದು ಪತ್ರಿ ಏರಿಸಿ, ಅದನ್ನೇ ನೋಡುತ್ತ ಅಲುಗಾಡದೆ ಕೂಡಬೇಕು. ಅದು ಮುಗಿಯುವ ತನಕ ಬಾಯಿಗೆ ಹನಿ ನೀರೂ ಇಲ್ಲ. ಅವ್ವ ಏಳು ವರ್ಷದವಳಿದ್ದಾಗಿನಿಂದ ಒಂದು ದಿನವೂ ತಪ್ಪಿಸಿದವಳಲ್ಲ. ಬಾಣಂತನದಲ್ಲೂ ತಪ್ಪಿಸಿರಲಿಲ್ಲ. ಈ ರೋಗಕ್ಕೆ ಬೇಕಾದದ್ದೂ ಅದೇ: ಕೈ ಬಿಚ್ಚಿ, ಅಲುಗಾಡದೆ ಕೂಡುವ ಹೊತ್ತು.

ಒಂದು ಬೆಳಿಗ್ಗೆ ಲಿಂಗ ಅಂಗೈಯಿಂದ ಜಾರಿತು. ಟಕ್ಕೆಂದು ನೆಲದ ಬಂಡೆಯ ಮೇಲೆ ಬಿದ್ದು ಜೋಳ ತುಂಬಿಡುವ ಗುಮ್ಮಿಯ ಕೆಳಗೆ ಉರುಳಿತು. ನಾನು ಮೊಣಕಾಲೂರಿ ಹುಡುಕಿ ತೆಗೆದೆ. ಎಲ್ಲೂ ಒಡೆದಿರಲಿಲ್ಲ. ಅವ್ವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರ ಮುಂದೂ ಹೇಳಬ್ಯಾಡ ಮಗಳ. ಮಠದ ಅಯ್ಯನೋರ ಕಿವಿಗಂತೂ ಬೀಳಬಾರದು" ಅಂದಳು. ಮೂರು ದಿನ ಉಪವಾಸ ಮಾಡಿದಳು. ನಾಲ್ಕನೆಯ ದಿನ ಅಂಬಲಿ ಕುಡಿಯುತ್ತ ಅಂದಳು: "ಇನ್ನೊಂದ ಸಲ ಬಿತ್ತಂದ್ರ ನಾ ಉಣ್ಣಾಕ ಕೂಡಾಂಗಿಲ್ಲ ನೋಡು. ಅಲ್ಲಿಗೆ ಮುಗೀತು."

ಅವ್ವ ಬಾಯಿಮಾತಿಗೆ ಏನನ್ನೂ ಹೇಳುವವಳಲ್ಲ. ನನಗಾಗ ಹದಿನೈದು. ಸಿಂಧನೂರಿನ ಮನೆತನಕ್ಕೆ ಮದುವೆಯಾಗಿತ್ತು, ಇನ್ನೂ ಗಂಡನ ಮನೆಗೆ ಬಾಳಲು ಹೋಗಿರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಪೂಜೆಯ ಹೊತ್ತಿಗೆ ಅವ್ವನ ಮುಂದೆ ಸೆರಗು ಚಾಚಿಕೊಂಡು ಕೂಡುತ್ತಿದ್ದೆ. "ನಿನ್ನ ಕೈ ಕೆಳಗ ನಾ ಕೈ ಇಡ್ತೀನಿ ತಗೋ ಯವ್ವಾ" ಅಂದರೆ ಕಣ್ಣು ಕೆಂಪಗೆ ಮಾಡುತ್ತಿದ್ದಳು. "ಆಸರಕ್ಕ ಇನ್ನೊಬ್ಬರ ಕೈ ಬೇಕಾದ್ರ ಅದು ನನ್ನ ಪೂಜಿ ಹ್ಯಾಂಗ ಆಕ್ಕೈತಿ? ಸರಿ ಅತ್ತಾಗ."

ಮುಕ್ಕುಂದದಲ್ಲಿ ಒಬ್ಬ ನಾಟಿ ವೈದ್ಯನಿದ್ದ. ಅಪ್ಪ ಗಾಣದ ಎತ್ತನ್ನೇ ಬಂಡಿಗೆ ಹೂಡಿ ಅವ್ವನನ್ನು ಅಲ್ಲಿಗೆ ಕರೆದೊಯ್ದ. ಆತ ಅವ್ವನ ನಡೆ ನೋಡಿ, ಕೈ ಹಿಡಿದು ನೋಡಿ, ಇದು ಕಂಪವಾತ ಅಂದ. ನಸುಗುನ್ನಿ ಬೀಜವನ್ನು ಹಾಲಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಒಣಗಿಸಿ ಪುಡಿ ಮಾಡಿ ಕೊಡಲು ಹೇಳಿದ. ನಸುಗುನ್ನಿ ಕಾಯಿ ಕೀಳುವುದೆಂದರೆ ಶಿವಶಿವಾ! ಅದರ ನವಿರು ಮೈಗೆ ತಾಗಿತೋ ಮುಗಿಯಿತು, ತಾಳಲಾರದ ತುರಿಕೆ. ಅಪ್ಪ ಹಳ್ಳದ ಬೇಲಿಯಿಂದ ಕಿತ್ತುಕೊಂಡು ಬಂದು ಎರಡು ದಿನ ಸಗಣಿ ಬಳಿದುಕೊಂಡು ಅಂಗಳದಲ್ಲಿ ಕುಣಿದಾಡಿದ. "ಈಗ ನೋಡು, ಗಂಡ ಹೆಂಡ್ತಿ ಇಬ್ಬರೂ ನಡುಗಾಕತ್ತೀವಿ" ಅಂದು ಅವನೇ ನಕ್ಕ. ಅವ್ವ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಆ ಪುಡಿಯಿಂದ ಕೈಗೆ ಸ್ವಲ್ಪ ಹಗುರಾದದ್ದು ನಿಜ. ಕಾಲೂ ಸಲೀಸಾಗಿ ಎತ್ತಿಡುತ್ತಿದ್ದಳು. ಹೊಟ್ಟೆ ಮಾತ್ರ ಒಪ್ಪಲಿಲ್ಲ. ಉಂಡದ್ದೆಲ್ಲ ವಾಂತಿ. ಹದಿನೈದು ದಿನಕ್ಕೆ ಅವ್ವ ಸೊರಗಿ ಕಡ್ಡಿಯಾದಳು. ಅಪ್ಪ ಡಬ್ಬಿಯನ್ನು ತಿಪ್ಪೆಗೆ ಎಸೆದ. ಎಷ್ಟೋ ವರ್ಷಗಳ ಮೇಲೆ, ನನ್ನ ಕೂದಲು ಬೆಳ್ಳಗಾದ ಕಾಲಕ್ಕೆ, ಒಬ್ಬ ಡಾಕ್ಟರು ಮಾತಿಗೆ ಮಾತು ಬಂದು ಹೇಳಿದರು: ಈಗ ಈ ರೋಗಕ್ಕೆ ಕೊಡುವ ಗುಳಿಗೆಯ ಮುಖ್ಯ ಸತ್ವ ಆ ನಸುಗುನ್ನಿ ಬೀಜದಲ್ಲೂ ಇದೆಯಂತೆ, ವಾಂತಿ ತಡೆಯುವುದಕ್ಕೆ ಈಗ ಜೊತೆಗೆ ಬೇರೆ ಮದ್ದು ಸೇರಿಸುತ್ತಾರಂತೆ. ಕೇಳಿ ನಾನು ಅವರೆದುರಿಗೇ ಅತ್ತುಬಿಟ್ಟೆ. ಪಾಪ, ಅವರಿಗೆ ಏನೂ ತಿಳಿಯಲಿಲ್ಲ.

ವೈದ್ಯನ ಪುಡಿ ಬಿಟ್ಟ ಮೇಲೆ ಲಿಂಗಸುಗೂರಿನ ಸರ್ಕಾರಿ ದವಾಖಾನೆಗೆ ಹೋದೆವು. ನಿಜಾಮರ ಕಾಲ. ಹೊರಗಿನ ಬೋರ್ಡು ಉರ್ದು, ಚೀಟಿ ಉರ್ದು, ಶೀಸೆಯ ಮೇಲಿನ ಬರಹವೂ ಉರ್ದು. ಡಾಕ್ಟರ ಸಾಹೇಬರು ಮಾತ್ರ ನಮ್ಮ ಜೊತೆ ತಮಗೆ ಬಂದಷ್ಟು ಕನ್ನಡದಲ್ಲಿ ಮಾತಾಡಿದರು. ಒಳ್ಳೆಯ ಮನುಷ್ಯ. ಅವ್ವನ ಕೈಯನ್ನು ಬಹಳ ಹೊತ್ತು ನೋಡಿದರು. ಸುಮ್ಮನಿದ್ದಾಗ ನಡುಗಿ ಕೆಲಸಕ್ಕೆ ಹಚ್ಚಿದಾಗ ನಿಲ್ಲುವುದೇ ಈ ರೋಗದ ಗುರುತು ಅಂದರು. ನಾನು ಅಪ್ಪನ ಕಡೆ ತಿರುಗಿ ನೋಡಿದೆ. ಅಪ್ಪ ತಲೆ ತಗ್ಗಿಸಿದ.

"ಈ ಬೀಮಾರಿ ಪೂರಾ ಹೋಗಂಗಿಲ್ಲಮ್ಮಾ. ಈ ದವಾದಿಂದ ಕೈ ಜರಾ ಆರಾಮ ಇರ್ತದ, ಅಷ್ಟೇ" ಅಂದರು ಸಾಹೇಬರು. "ಬೆಳಿಗ್ಗೆ ಐದು ಹನಿ, ಮಧ್ಯಾಹ್ನ ಐದು, ಸಂಜೀಕ ಐದು, ನೀರಾಗ ಹಾಕಿ ಕುಡೀರಿ. ಬಾಯಿ ಒಣಗ್ತದ, ಕಣ್ಣು ಮಬ್ಬಾಗ್ತಾವ, ಅದಕ್ಕ ಘಾಬರಿ ಆಗಬ್ಯಾಡ್ರಿ. ಇಲ್ಲದ್ದು ಕಾಣಾಕತ್ತಿತಂದ್ರ ಮಾತ್ರ ದವಾ ಬಂದ್ ಮಾಡಿ ಫೌರನ್ ನನ್ನ ಹತ್ರ ಬರಬೇಕು."

ಕಂದು ಶೀಸೆ, ಹನಿ ಬಿಡಲು ಒಂದು ಗಾಜಿನ ನಳಿಗೆ. ಮದ್ದಿನ ಹೆಸರು ಬೆಲ್ಲಡೋನಾ ಅಂತ. ನಮ್ಮ ತಿಪ್ಪೆಯ ಮೇಲೆ ಬೆಳೆಯುವ ದತ್ತೂರಿಯ ಬಳಗದ ಗಿಡದ್ದೇ ಅದು ಎಂದು ಬಹಳ ತಡವಾಗಿ ತಿಳಿಯಿತು. ಮೂಗಿನ ಹತ್ತಿರ ಹಿಡಿದರೆ ಸಾರಾಯಿ ವಾಸನೆ. ಬಂಡಿ ಮಸ್ಕಿಯ ದಾರಿ ಹಿಡಿದ ಮೇಲೆ ಅವ್ವ ನನ್ನ ಕಿವಿಯಲ್ಲಿ ಅಂದಳು: "ಮಧ್ಯಾಹ್ನ, ಸಂಜೀಕ ಕುಡೀತೀನಿ. ಬೆಳಿಗ್ಗಿಂದು ಹ್ಯಾಂಗ? ಪೂಜಿಗೂ ಮೊದಲ ಬಾಯಾಗ ಹಾಕಬೇಕೇನು? ಅದೂ ಇಂಥಾ ವಾಸನೀದು?"

"ಸಾಹೇಬರನ್ನ ಕೇಳಬೇಕಿತ್ತಲ್ಲ ಯವ್ವಾ."

"ಅವರಿಗೆ ನಮ್ಮ ಪೂಜಿ ಎಲ್ಲಿ ತಿಳೀತೈತಿ?"

ಮಠದ ಅಯ್ಯನೋರನ್ನು ಕೇಳಬಹುದಿತ್ತು. ಕೇಳಲು ಹೋದರೆ ಲಿಂಗ ಬಿದ್ದ ಸಂಗತಿ ಹೊರಗೆ ಬೀಳುತ್ತಿತ್ತು. ಆಗ ದಾರಿ ಹುಡುಕಿದವಳು ನಾನು. ನಾನೇ. ಎಂಥ ಬುದ್ಧಿವಂತೆ! ಬೆಳಗಿನ ಹನಿಯನ್ನು ಹಿಂದಿನ ದಿನ ಸಂಜೆಯ ಹನಿಯ ಜೊತೆ ಸೇರಿಸಿಬಿಟ್ಟರೆ ಮದ್ದು ಹೊಟ್ಟೆಯಲ್ಲೇ ಇರುತ್ತದೆ, ಬೆಳಿಗ್ಗೆ ಪೂಜೆಗೆ ಕೂಡುವಾಗ ಕೆಲಸ ಮಾಡುತ್ತದೆ ಅಂದೆ. ಅವ್ವ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ನನಗೆ ಬಹಳ ಹೆಮ್ಮೆಯಾಯಿತು.

ನನ್ನ ದುರ್ದೈವಕ್ಕೆ ಅದು ಫಲಿಸಿತು ಕೂಡ. ಬಾಯಿಯ ಕೊನೆಯಲ್ಲಿ ಇಳಿಯುತ್ತಿದ್ದ ಜೊಲ್ಲು ಮೊದಲು ನಿಂತಿತು. ಎಂಟು ದಿನಕ್ಕೆ ಕೈಯ ಕುಣಿತ ತಗ್ಗಿತು. ಇನ್ನೂ ಗಟ್ಟಿಯಾಗಲೆಂದು ಸಾಹೇಬರು ಎರಡು ಸಲ ಹನಿ ಹೆಚ್ಚಿಸಿದರು. ಹೊತ್ತಿಗೆ ಐದಿದ್ದದ್ದು ಹತ್ತಾಯಿತು, ಆಮೇಲೆ ಹದಿನೈದಾಯಿತು. ಅವ್ವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ತುತ್ತಿಗೊಮ್ಮೆ ನೀರು ಬೇಕು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಬಿಸಿಲಿಗೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಹೋಗಲಿ ಬಿಡು, ಇದು ನಿಂತೈತಲ್ಲ" ಎಂದು ಅಂಗೈಯನ್ನು ನನ್ನ ಮುಂದೆ ಚಾಚುತ್ತಿದ್ದಳು. ಪೂಜೆ ಮುಗಿದ ಮೇಲೆ ಅವಳ ಮುಖ ನೋಡಬೇಕಿತ್ತು ನೀವು. ನಾನು ಸೆರಗು ಚಾಚುವುದನ್ನು ಬಿಟ್ಟೆ.

ಶ್ರಾವಣ ಬಂತು. ಶ್ರಾವಣದಲ್ಲಿ ಅವ್ವ ದೀಪ ಹಚ್ಚುವ ತನಕ ಏನನ್ನೂ ಮುಟ್ಟುತ್ತಿರಲಿಲ್ಲ. ಹಾಗಾದರೆ ಮಧ್ಯಾಹ್ನದ ಹನಿ? ನನ್ನ ಜಾಣತನ ಇತ್ತಲ್ಲ. ಮೂರು ಹೊತ್ತಿನದನ್ನೂ ಒಂದೇ ಬಟ್ಟಲಿಗೆ ಎಣಿಸಿ ಬಿಟ್ಟು ದೀಪದ ಹೊತ್ತಿಗೆ ಕೊಡತೊಡಗಿದೆ. ಮೂರನೆಯ ಸಂಜೆ ಅವ್ವ ಗೋಡೆಯ ಮೇಲೆ ಇರುವೆ ಸಾಲು ಹತ್ತಿದೆ ಅಂದಳು. ಇರಲಿಲ್ಲ. ಕಣ್ಣು ಮಬ್ಬು, ಅದಕ್ಕೆ ಹಾಗೆ ಅಂದುಕೊಂಡೆ. ಸಾಹೇಬರು ಎಚ್ಚರಿಸಿದ್ದು ನೆನಪಿಗೆ ಬರಲಿಲ್ಲ ಅಂದರೆ ಸುಳ್ಳಾದೀತು. ಬಂದಿತ್ತು. ಕೈ ನಿಂತಿದೆಯಲ್ಲ, ಇನ್ನೊಂದು ದಿನ ನೋಡೋಣ ಅಂದುಕೊಂಡೆ.

ಮರುದಿನ ಸೋಮವಾರ. ಅವ್ವ ಮೈ ತೊಳೆದು ಬಂದು ಮಣೆಯ ಮೇಲೆ ಕೂತಳು. ಮುಖ ಕೆಂಪೇರಿತ್ತು, ಕಣ್ಣಿನ ಕಪ್ಪು ದೊಡ್ಡದಾಗಿತ್ತು. ತುಟಿ ನೆಕ್ಕಿಕೊಳ್ಳುತ್ತಿದ್ದಳು, ಒದ್ದೆಯಾಗುತ್ತಿರಲಿಲ್ಲ. ಕರಡಿಗೆ ಬಿಚ್ಚಿದಳು. ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡಳು. ಕೈ ಒಂದಿಷ್ಟೂ ಅಲುಗಲಿಲ್ಲ. ಅಷ್ಟು ಗಟ್ಟಿಯಾಗಿ ಅದು ನಿಂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಇದು ನಾನು ಕೊಟ್ಟ ಕೈ ಎಂದು ಬೀಗಿದೆ.

ಅವ್ವ ಅದನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಹತ್ತಿರ ಕರೆದು ಅಂಗೈಯನ್ನು ನನ್ನ ಬಾಯಿಗೆ ಒಡ್ಡಿದಳು.

"ನೇರಳೆ ಹಣ್ಣು. ಇದೊಂದ ಉಳಿದಿತ್ತು. ನಿನಗಂತ ತೆಗೆದಿಟ್ಟೀನಿ. ತಿನ್ನು ಮಗಳ."

ನಾನು ಹಿಂದೆ ಸರಿದೆ. "ಯಾಕ, ಬ್ಯಾಡೇನು? ಸಿಹಿ ಐತಿ" ಅಂದಳು. ದನಿಯಲ್ಲಿ ಎಂಥ ಅಕ್ಕರೆ! ನಲವತ್ತು ವರ್ಷ ಕಣ್ಣಿಗೊತ್ತಿಕೊಂಡು ಬಂದದ್ದನ್ನು ಹಣ್ಣೆಂದುಕೊಂಡಾಗಲೂ ಅವಳು ತಾನು ತಿನ್ನಲಿಲ್ಲ. ಬಾಯಿ ಒಣಗಿ ಸಾಯುತ್ತಿದ್ದವಳು ನನಗೆ ಕೊಡಲು ಬಂದಳು. ನಾನು ಕಿರುಚಿಕೊಂಡು ಅಪ್ಪನನ್ನು ಕರೆದೆ. ಅಪ್ಪ ಓಡಿಬಂದರೆ, "ಅಣ್ಣಾ, ಯಾವಾಗ ಬಂದಿ? ತವರಾಗ ಎಲ್ಲಾರೂ ಆರಾಮೇನು?" ಎಂದು ಅವ್ವ ಅವನ ಕಾಲಿಗೆ ಬೀಳಲು ಹೋದಳು. ಅಪ್ಪ ಬಂಡಿ ಹೂಡಲು ಓಡಿದ.

ಲಿಂಗಸುಗೂರು ಮುಟ್ಟುವ ತನಕ ಬಂಡಿಯಲ್ಲಿ ಅವ್ವ ಗಾಳಿಯಿಂದ ಎಳೆ ಬಿಡಿಸುತ್ತಲೇ ಇದ್ದಳು. ಹೊಟ್ಟೆ ಉಬ್ಬಿತ್ತು, ಬೆಳಗಿನಿಂದ ಮೂತ್ರವಾಗಿರಲಿಲ್ಲ. ಸಾಹೇಬರು ಅವ್ವನ ರೆಪ್ಪೆ ಬಿಡಿಸಿ ಕಣ್ಣು ನೋಡಿದವರೇ ಎಷ್ಟು ಹನಿ ಕೊಟ್ಟಿರಿ ಎಂದು ಕೇಳಿದರು. ನಾನು ಹೇಳಿದೆ.

"ಮೂರು ವಖ್ತಿನದು ಒಂದೇ ವಖ್ತಿಗೆ? ಯಾರು ಹೇಳಿದ್ರು ನಿನಗ?"

ಯಾರೂ ಹೇಳಿರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಳಿಗೆ ಹಾಕಿ ಮೂತ್ರ ತೆಗೆಸಿದರು, ಕತ್ತಲ ಕೋಣೆಯಲ್ಲಿ ಮಲಗಿಸಿದರು. ಮೂರನೆಯ ದಿನ ಅವ್ವ ನನ್ನನ್ನು ಗುರುತಿಸಿದಳು. ಅದೇ ದಿನ ಕೈ ನಡುಗತೊಡಗಿತು, ಮೊದಲಿಗಿಂತ ಜೋರಾಗಿ, ಮಂಚದ ಪಟ್ಟಿಗೆ ಬಡಿದು ಸಪ್ಪಳವಾಗುವಂತೆ.

ಅವ್ವ ಕೇಳಿದ ಮೊದಲ ಮಾತು ಕೊರಳಿನ ಕರಡಿಗೆಯ ಬಗ್ಗೆ. ಅದು ಅಲ್ಲೇ ಇತ್ತು. ಎರಡನೆಯ ಮಾತು, "ಸೋಮವಾರ ನಾ ಪೂಜಿ ಮಾಡಿದ್ನೇನು? ಏನೂ ನೆನಪಿಲ್ಲ" ಎಂದು.

"ಮಾಡಿದಿ ಯವ್ವಾ. ಕೈ ಒಟ್ಟ ಅಲುಗಲಿಲ್ಲ" ಅಂದೆ. ಅದರಲ್ಲಿ ಅರ್ಧ ನಿಜ. ಅವಳ ಕಣ್ಣಲ್ಲಿ ನೀರು ಬಂತು, ಖುಷಿಯ ನೀರು.

ಆ ಸುಳ್ಳು ನನ್ನನ್ನು ಬಿಡಲಿಲ್ಲ. ಮನೆಗೆ ಬಂದ ದಿನದಿಂದ ಅವ್ವ ಆ ಶೀಸೆಯನ್ನೇ ಬೇಡತೊಡಗಿದಳು. ಸಾಹೇಬರೂ ಪೂರಾ ಬೇಡ ಅಂದಿರಲಿಲ್ಲ. ಐದೈದು ಹನಿ ಮಾತ್ರ, ಅದೂ ಹೊತ್ತು ಹೊತ್ತಿಗೆ, ಬೆಳಗಿನದನ್ನು ಬೆಳಿಗ್ಗೆಯೇ ಕೊಡುವುದಾದರೆ ಕೊಡಿ ಅಂದಿದ್ದರು. ಅವ್ವನಿಗೆ ಬೆಳಗಿನದು ಆಗದು. "ಮೊದಲಿನಂಗ ಸಂಜೀಕ ಕೂಡಿಸಿ ಕೊಡು. ತಲಿ ಕೆಟ್ಟರ ಕೆಡಲಿ. ಪೂಜಿ ಸುಸೂತ್ರ ಆಗೈತಿ ಅಂತ ನೀನ ಹೇಳಿದೆಲ್ಲ" ಎಂದು ಕೈ ಮುಗಿದಳು. ಮುಗಿದ ಕೈಗಳೂ ನಡುಗುತ್ತಿದ್ದವು.

ನನಗೆ ದಿಕ್ಕು ತೋಚದೆ ಮಠಕ್ಕೆ ಓಡಿದೆ. ಲಿಂಗ ಬಿದ್ದದ್ದು, ಹನಿ ಕೂಡಿಸಿದ್ದು, ಎಲ್ಲ ಹೇಳಿದೆ. ಅಯ್ಯನೋರು ಮುದುಕರು. ಕೇಳಿಸಿಕೊಂಡು ತಲೆಯ ಮೇಲೆ ಕೈಯಿಟ್ಟುಕೊಂಡರು.

"ಮದ್ದಿಗೆ ಎಲ್ಲಿ ದೋಷ ಐತವ್ವಾ? ರೋಗಿಷ್ಟರು ಪೂಜಿಗೂ ಮೊದಲ ಮದ್ದು ತಗೊಂಡ್ರ ಶಿವ ಬ್ಯಾಡ ಅಂತಾನೇನು? ಒಂದ ಮಾತು ಬಂದು ಕೇಳಬಾರದಾಗಿತ್ತ?"

ಒಂದು ಮಾತು. ಮಠ ನಮ್ಮ ಮನೆಯಿಂದ ಎಷ್ಟು ದೂರ ಗೊತ್ತೇನು? ಗಾಣದ ಎತ್ತು ಕೂಗಿದರೆ ಅಲ್ಲಿಗೆ ಕೇಳಿಸುತ್ತಿತ್ತು. ಬರುವಾಗ ದಾರಿಯಲ್ಲಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ.

ಮನೆಗೆ ಬಂದು ಅಯ್ಯನೋರ ಮಾತು ಹೇಳಿದೆ. ಅವ್ವ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಾರೆ ಅಂದಳು, ಸಂಜೆಯೇ ಕೊಡು ಅಂದಳು. ಆಗ ನಾನು ಅವಳ ಎದುರಿಗೆ ಕೂತು ಸೋಮವಾರ ಏನಾಯಿತೆಂದು ಹೇಳಿಬಿಟ್ಟೆ. ಹಣ್ಣು ಅಂದದ್ದು, ನನ್ನ ಬಾಯಿಗೆ ಒಡ್ಡಿದ್ದು, ಅಪ್ಪನನ್ನು ಅಣ್ಣಾ ಅಂದದ್ದು. ಹೇಳುವಾಗ ಅವಳ ಮುಖ ನೋಡಲಿಲ್ಲ.

ಅವ್ವ ಎಲ್ಲ ಕೇಳಿದಳು. ಕೊನೆಗೆ, "ನೀ ತಿಂದಿಲ್ಲ ಹೌದಿಲ್ಲೋ?" ಎಂದು ಕೇಳಿದಳು.

"ಇಲ್ಲ ಯವ್ವಾ."

"ಆ ಶೀಸಾ ಎಲ್ಲೈತಿ? ತಗೊಂಡು ಹೋಗಿ ಚೆಲ್ಲು. ಲಿಂಗ ಯಾವುದು ಹಣ್ಣು ಯಾವುದು ತಿಳೀಲಾರದ ಕೈ ಗಟ್ಟಿ ಇದ್ದು ಏನ್ ಮಾಡೂದೈತಿ?"

"ಬೆಳಿಗ್ಗಿ ಐದ ಹನಿ ತಗೊಂಡ್ರ ಏನೂ ಆಗಾದಿಲ್ಲಂತ..."

"ಬ್ಯಾಡಂದ್ರ ಬ್ಯಾಡ." ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತಳು. ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ನೀರು, ಮೂಗಲ್ಲಿ ನೀರು, ಎಲ್ಲ ಬಂದಿದ್ದವು. ನಾನು ಸೆರಗಿನಿಂದ ಒರೆಸಿದೆ.

ಮರುದಿನ ಬೆಳಿಗ್ಗೆ ಮಣೆಯ ಮೇಲೆ ಕೂತು ಅವಳೇ ಕರೆದಳು. "ಬಾ ಇಲ್ಲಿ. ನಿನ್ನ ಕೈ ಕೊಡು." ಅವಳ ಅಂಗೈಯ ಕೆಳಗೆ ನನ್ನ ಅಂಗೈ ಇಟ್ಟೆ. ನಡುಕ ನನ್ನ ಮೊಣಕೈ ತನಕ ಬರುತ್ತಿತ್ತು. ಲಿಂಗ ಜಾರಲಿಲ್ಲ. ಪೂಜೆ ಮುಗಿದ ಮೇಲೆ, "ಇದರಾಗ ಅರ್ಧಾ ಪೂಜಿ ನಿಂದು, ತಗೋ" ಅಂದಳು. ನಗಲು ನೋಡಿದಳು. ಆ ಹೊತ್ತಿಗಾಗಲೇ ಅವಳ ಮುಖಕ್ಕೆ ನಗು ಸರಿಯಾಗಿ ಬರುತ್ತಿರಲಿಲ್ಲ.

ಹಾಗೆ ಒಂದೂವರೆ ವರ್ಷ ನಡೆಯಿತು. ಹೆಜ್ಜೆ ಸಣ್ಣವಾದವು, ಮಾತು ಪಿಸುಮಾತಾಯಿತು, ರೊಟ್ಟಿ ನನ್ನ ಪಾಲಿಗೆ ಬಂತು. ಸಿಂಧನೂರಿನಿಂದ ಮೂರು ಸಲ ಕರೆಯಲು ಬಂದರು, ಮೂರು ಸಲವೂ ಹೋಗುವುದಿಲ್ಲವೆಂದು ಹಟ ಹಿಡಿದೆ. ನಾಲ್ಕನೆಯ ಸಲ ಅವ್ವನೇ ಗದರಿಸಿ ಕಳಿಸಿದಳು. ನಾನು ಹೊರಡುವ ದಿನ ಬೆಳಿಗ್ಗೆ ಅಪ್ಪ ಎಣ್ಣೆ ಕೈ ತೊಳೆದು ಬಂದು ಮಣೆಯ ಪಕ್ಕದಲ್ಲಿ ಕೂತ. "ಹ್ಯಾಂಗ ಹಿಡೀಬೇಕ, ತೋರಸು" ಅಂದ. ತೋರಿಸಿದೆ. ಅವ್ವನ ಕೈಯ ಕೆಳಗೆ ಅವನ ದೊಡ್ಡ ಅಂಗೈ. "ಮುಂಜಾನಿ ಗಾಣ ತುಸು ತಡ ಆಕ್ಕೈತಿ, ಅಷ್ಟ" ಅಂದ.

ಮುಂದಿನ ಬೇಸಿಗೆಯಲ್ಲಿ ಸುದ್ದಿ ಬಂತು. ನುಂಗುವುದು ನಿಂತು ಎಂಟು ದಿನವಾಗಿತ್ತಂತೆ. ಸಿಂಧನೂರಿನಿಂದ ಬಂಡಿಯಲ್ಲಿ ಬರುವ ಹೊತ್ತಿಗೆ ಅವ್ವನನ್ನು ಕೂಡಿಸಿ, ವಿಭೂತಿ ಹಚ್ಚಿ, ಹೂವೇರಿಸಿದ್ದರು. ನಮ್ಮಲ್ಲಿ ಮಣ್ಣಿಗೆ ಕೊಡುವುದೂ ಪೂಜೆಗೆ ಕೂತಂತೆಯೇ, ಲಿಂಗ ಎಡ ಅಂಗೈಯಲ್ಲಿ. ಅಪ್ಪ ಮೂಲೆಯಲ್ಲಿ ನಿಂತು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ. ಅಯ್ಯನೋರು ಕರಡಿಗೆ ಬಿಚ್ಚಿ, ಅವ್ವನ ಕೈಯನ್ನು ಬಿಡಿಸಿ, ಲಿಂಗವನ್ನು ಅದರ ಮೇಲೆ ಇಡಲು ಬಗ್ಗಿದರು.

ನಾನು ಓಡಿಹೋಗಿ ಆ ಕೈಯ ಕೆಳಗೆ ನನ್ನ ಕೈ ಒಡ್ಡಿದೆ.

"ಬಿಡವ್ವಾ. ಇನ್ನ ಬೀಳಾದಿಲ್ಲ" ಅಂದರು ಅಯ್ಯನೋರು.

ನಾನು ಕೈ ತೆಗೆಯಲಿಲ್ಲ. ಅವ್ವನ ಕೈ ತಣ್ಣಗಿತ್ತು, ಗಟ್ಟಿಯಾಗಿತ್ತು. ನಡುಗುತ್ತಿದ್ದದ್ದು ನನ್ನದು.